ಮುದ್ದೆಗೆ ಸಿಕ್ಕಿಬಿದ್ದ ಹಲ್ಲು

ಬಾಗಲಗುಂಟೆ

ಜಯಕ್ಕ ವಿಮಾನ ಹತ್ತುವುದಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಹೊರಟಲ್ಲಿಂದ ವಾಪಸ್ ಬರುವ ತನಕ ನಾನು ಹಲ್ಲಿನ ಮಾತು ಎತ್ತಕೂಡದು.

"ಎತ್ತಿದ್ಯೋ, ಅಲ್ಲೇ ಇಳ್ಕಂಬುಡ್ತೀನಿ ನೋಡು," ಅಂದರು.

ಆಕಾಶದಲ್ಲಿ ಎಲ್ಲಿ ಇಳಿಯುತ್ತಾರೆ ಅಂತ ನಾನು ಕೇಳಲಿಲ್ಲ. "ಆಯ್ತಕ್ಕ," ಅಂದೆ.

ನಾವು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ನಾನು ರೇಣುಕಾ. ನಮ್ಮಪ್ಪ ಯಾದಗಿರಿ ಕಡೆಯಿಂದ ಬಂದು ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊತ್ತವರು. ಅವ್ವ ಅದೇ ಯಾರ್ಡಿನಲ್ಲಿ ಕೂತು ಕಾಳು ಹಸನು ಮಾಡಿದವಳು. ಅವರ ಮಗಳಾದ ನಾನು ಎಂ.ಎಸ್.ಡಬ್ಲ್ಯೂ. ಮಾಡಿದ್ದೇನೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲ ಮೇಲೆ ಬಿದ್ದ ಮೊದಲ ಕಾಲು ನನ್ನದು. ಈ ಮಾತನ್ನು ಹೋದಲ್ಲೆಲ್ಲ ಹೇಳುತ್ತೇನೆ, ಇಲ್ಲೂ ಹೇಳಿದ್ದೇನೆ. ಸಂಕೋಚ ಪಡುವಷ್ಟು ಸುಲಭವಾಗಿ ಅದು ಸಿಕ್ಕಿದ್ದಲ್ಲ.

ನಮ್ಮ ಸಂಘ ಇರುವುದು ಬಾಗಲಗುಂಟೆಯಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ರೂಮಿನಲ್ಲಿ. ಬೋರ್ಡಿನ ಮೇಲೆ ಬರೀ ಮಹಿಳಾ ಆರೋಗ್ಯ ಸಂಘ ಅಂತಿದೆ. ಬರುವವರು ಎಚ್‌ಐವಿ ಜೊತೆ ಬದುಕುತ್ತಿರುವ ಹೆಂಗಸರು. ಬೋರ್ಡು ಅರ್ಧ ಸತ್ಯ ಹೇಳಿದ್ದರಿಂದಲೇ ನಮಗೆ ರೂಮು ಬಾಡಿಗೆಗೆ ಸಿಕ್ಕಿದ್ದು. ನನಗೂ ಸೋಂಕಿದೆಯಾ ಅಂತ ಓದುಗರು ಕೇಳಬಹುದು. ಆ ಪ್ರಶ್ನೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಎಚ್‌ಐವಿ ಬಂದವರೂ ಮುದುಕರಾಗುತ್ತಾರೆ ಅನ್ನುವುದು ಒಂದು ಕಾಲಕ್ಕೆ ಯಾರ ಯೋಚನೆಗೂ ಬಂದಿರಲಿಲ್ಲ. ಈಗ ದಿನಾ ಮಾತ್ರೆ ತಗೊಂಡರೆ ವೈರಸ್ಸು ತಲೆ ಎತ್ತುವುದಿಲ್ಲ, ಸಂಗಾತಿಗೂ ದಾಟುವುದಿಲ್ಲ. ಹಾಗಾಗಿ ನಮ್ಮ ಅಕ್ಕಂದಿರು ಈಗ ಮಂಡಿನೋವು, ಸಕ್ಕರೆ, ಮರೆವು, ಮೂಳೆ ಸವೆತ ಅಂತ ಬರುತ್ತಾರೆ. ಕೇಳಿದರೆ ನನಗೆ ಒಳಗೊಳಗೇ ಖುಷಿ. ಮುಪ್ಪಿನ ಕಾಯಿಲೆ ಬರಬೇಕಾದರೆ ಮೊದಲು ಮುಪ್ಪು ಬರಬೇಕಲ್ಲ.

ಜಯಕ್ಕ ರಾಜಾನುಕುಂಟೆಯವರು, ಅರವತ್ತು ದಾಟಿದವರು. ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಬದುಕುತ್ತಾರೆ. ಜಯ ಅನ್ನುವುದು ಅವರ ನಿಜ ಹೆಸರಲ್ಲ. ಬರೆಯುತ್ತೇನೆ ಅಂದಾಗ ಅವರೇ ಆರಿಸಿಕೊಂಡಿದ್ದು. ರಕ್ತ ಪರೀಕ್ಷೆಯಾದ ಹೊಸದರಲ್ಲಿ ಒಬ್ಬ ಡಾಕ್ಟರು "ಎರಡು ವರ್ಷ ನೋಡೋಣಮ್ಮ" ಅಂದಿದ್ದರಂತೆ. ಆ ಎರಡು ವರ್ಷವನ್ನು ಜಯಕ್ಕ ಗಂಟು ಹಾಕಿಕೊಂಡು ಬಿಟ್ಟರು. ಗ್ಯಾಸ್ ತಗೊಳ್ಳಿ ಅಂದರೆ "ಎಲ್ಡ್ ವರ್ಸಕ್ಯಾಕೆ?" ಸೋರುವ ಶೀಟು ಬದಲಾಯಿಸಿ ಅಂದರೆ "ಎಲ್ಡ್ ವರ್ಸಕ್ಯಾಕೆ?" ಹೀಗೆ ಹೇಳುತ್ತಾ ಹೇಳುತ್ತಾ ಇಪ್ಪತ್ತು ವರ್ಷಕ್ಕೂ ಮೇಲಾಯಿತು.

ಅಷ್ಟರಲ್ಲಿ ಹಲ್ಲು ಒಂದೊಂದಾಗಿ ಹೋದವು. ಮುದ್ದೆ, ಸಾರು, ಹಾಲು ಬಿಟ್ಟು ಬೇರೇನೂ ಇಳಿಯದು. ತರಕಾರಿ ಇಲ್ಲ, ಕಾಳಿಲ್ಲ, ಹಣ್ಣಿಲ್ಲ. ತೂಕ ಇಳಿಯುತ್ತಾ ಬಂದು, ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದ ಡಾಕ್ಟರು ನನ್ನನ್ನೇ ಬೈದರು: "ಮಾತ್ರೆ ಇವರನ್ನ ಉಳಿಸಿದೆ, ಹಸಿವು ಸಾಯಿಸುತ್ತೆ. ಮೊದಲು ಹಲ್ಲು ಕಟ್ಟಿಸಿ." ಜಯಕ್ಕನಿಗೆ ಹೇಳಿದರೆ, "ಮುದ್ದೆ ನುಂಗಕ್ಕೆ ಹಲ್ಯಾಕೆ?"

ನಿಜವಾದ ಕಾರಣ ಬೇರೆ. ಎಷ್ಟೋ ವರ್ಷದ ಹಿಂದೆ ಒಂದು ಕ್ಲಿನಿಕ್ಕಿನಲ್ಲಿ ಹಲ್ಲುನೋವಿಗೆ ಹೋಗಿ, ಕುರ್ಚಿಯಲ್ಲಿ ಕೂತು, ಇದ್ದ ವಿಷಯ ಇದ್ದ ಹಾಗೆ ಹೇಳಿದ್ದರು. "ಎಬ್ಬಿಸ್ಬುಟ್ರು ಕಣೇ. ಬಾಯ್ ತೆರ್ಕಂಡ್ ಕುಂತಿದ್ದೆ, ಅಂಗೇ ಮುಚ್ಕಂಡ್ ಬಂದೆ." ಅವತ್ತಿನಿಂದ ಮಾತಾಡುವಾಗ ಸೆರಗು ಬಾಯಿಗೆ ಅಡ್ಡ.

ಈಗ ಒಂದು ದಂತ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸಿಕ್ಕಿದ್ದರು. ವಿಷಯ ಕೇಳಿ ಹುಬ್ಬು ಕೂಡ ಎತ್ತದೆ "ಕರಕೊಂಡು ಬನ್ನಿ, ನಾನೇ ಕಟ್ಟಿಕೊಡ್ತೀನಿ" ಅಂದಿದ್ದರು. ಜಯಕ್ಕ ಎರಡು ಸಲ ತಪ್ಪಿಸಿಕೊಂಡರು, ಒಮ್ಮೆ ಹಸು ಕರು ಹಾಕಿತು ಅಂತ, ಒಮ್ಮೆ ಅಮಾವಾಸ್ಯೆ ಅಂತ. ಡಾಕ್ಟರಮ್ಮನಿಗೆ ಮುಂದಿನ ತಿಂಗಳು ಬೇರೆ ಊರಿಗೆ ವರ್ಗ. ಅಷ್ಟರೊಳಗೆ ಆದರೆ ಆಯಿತು, ಇಲ್ಲದಿದ್ದರೆ ಹೊಸಬರ ಎದುರು ಮತ್ತೆ ಆ ಕುರ್ಚಿ, ಮತ್ತೆ ಆ ಮಾತು. ಜಯಕ್ಕ ಖಂಡಿತ ಹೋಗುವುದಿಲ್ಲ.

ಹೀಗಿರುವಾಗ ಥಾಯ್ಲೆಂಡಿನಿಂದ ಕರೆ ಬಂತು. ಎಚ್‌ಐವಿ ಜೊತೆ ವಯಸ್ಸಾಗುತ್ತಿರುವವರ ಬಗ್ಗೆ ಚಿಯಾಂಗ್ ಮಾಯ್ ಊರಿನಲ್ಲಿ ಒಂದು ಸಭೆ. ಸಂಶೋಧನೆ ಮಾಡುವವರೂ ಬರುತ್ತಾರೆ, ಬದುಕುತ್ತಿರುವವರೂ ಬರಬೇಕು. ಜಯಕ್ಕ ಮಾತಾಡುವುದು, ನಾನು ಇಂಗ್ಲಿಷಿಗೆ ಹಾಕುವುದು ಅಂತ ತೀರ್ಮಾನವಾಯಿತು.

ಜಯಕ್ಕನ ಬಾಯಲ್ಲಿ ‘ಹ’ ಹೊರಡುವುದಿಲ್ಲ. ಹಲ್ಲು ಅವರಿಗೆ ‘ಅಲ್ಲು’. ಓದುವವರಿಗೆ ತೊಡಕಾಗಬಾರದು ಅಂತ ಆ ಒಂದು ಪದಕ್ಕೆ ಮಾತ್ರ ನಾನೇ ‘ಹ’ ಕಟ್ಟಿಸಿದ್ದೇನೆ.

ಬ್ಯಾಂಕಾಕ್

ರಾಜಾನುಕುಂಟೆಯವರಿಗೆ ವಿಮಾನದ ಹೊಟ್ಟೆ ಚೆನ್ನಾಗಿ ಗೊತ್ತು, ದಿನಾ ತಲೆಯ ಮೇಲೇ ಹೋಗುತ್ತವೆ. ಒಳಗಿನದು ಗೊತ್ತಿಲ್ಲ. ಜಯಕ್ಕ ಊರಲ್ಲಿ ಕಾಶಿಗೆ ಹೋಗುತ್ತೇನೆ ಅಂತ ಹೇಳಿ, ಹಸುಗಳನ್ನು ತಂಗಿಗೆ ಒಪ್ಪಿಸಿ ಬಂದಿದ್ದರು. ಕಿಟಕಿ ಪಕ್ಕ ಕೂತು, ಮೇಲೇರುವಾಗ ಹೆದರುತ್ತಾರೇನೋ ಅಂತ ನಾನು ಕೈ ಹಿಡಿದರೆ, "ಬುಡೇ, ಅಗೋ ಆ ನೀಲಿ ಶೀಟು ನಮ್ ಕೊಟ್ಗೆ," ಅಂತ ಗಾಜಿಗೆ ಮೂಗು ಒತ್ತಿದರು. ಕೆಳಗೆ ನೀಲಿ ಶೀಟು ನೂರಿದ್ದವು.

ತಿನ್ನಲು ಒಂದು ಬನ್ನು ಕೊಟ್ಟರು, ಕಲ್ಲಿನ ಹಾಗಿತ್ತು. ಜಯಕ್ಕ ಅದನ್ನು ನೀರಿನಲ್ಲಿ ಅದ್ದಿ ಅದ್ದಿ ಹೀರಿದರು. ನಾನು ಬಾಯಿ ತೆರೆದೆ. ಅವರು ಕಣ್ಣು ಬಿಟ್ಟು ನೋಡಿದರು. ಮುಚ್ಚಿಕೊಂಡೆ.

ಬ್ಯಾಂಕಾಕಿನಲ್ಲಿ ಇಳಿದು ಬ್ಯಾಗು ಎಳೆದುಕೊಂಡು ಹೊರಟಾಗ ಒಬ್ಬ ಅಧಿಕಾರಿ ಜಯಕ್ಕನ ಬ್ಯಾಗನ್ನು ಮಾತ್ರ ಪಕ್ಕಕ್ಕೆ ಕರೆದ. ಒಳಗೆ ಸೀರೆ, ವೀಳ್ಯದ ಚೀಲ, ಒಂದು ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿ ರಾಗಿಹಿಟ್ಟು. ಆತ ಗ್ಲೌಸು ಹಾಕಿದ ಕೈಯನ್ನು ಹಿಟ್ಟಿನೊಳಗೆ ಇಳಿಸಿ ಒಂದು ಮಾತ್ರೆ ಡಬ್ಬಿ ತೆಗೆದ. ಮತ್ತೆ ಇಳಿಸಿ ಇನ್ನೊಂದು ತೆಗೆದ. ಎರಡಕ್ಕೂ ಚೀಟಿ ಇಲ್ಲ, ನೀಟಾಗಿ ಕೆರೆದು ತೆಗೆದಿದೆ. ಮುಚ್ಚಳ ಬಿಚ್ಚಿದರೆ ಮಾತ್ರೆಯ ಮೇಲೆ ಒತ್ತಿ ತುರುಕಿದ ಹತ್ತಿ.

ಇದನ್ನು ನಮ್ಮವರು ಮಾತ್ರ ಮಾಡುತ್ತಾರೆ. ಮಾತ್ರೆ ಡಬ್ಬಿ ಕೈಗೆ ಬಂದ ಕೂಡಲೇ ಮೊದಲ ಕೆಲಸ ಚೀಟಿ ಕೆರೆಯುವುದು. ಎರಡನೆಯದು ಬಸ್ಸಿನಲ್ಲಿ ಗಲಗಲ ಅನ್ನದ ಹಾಗೆ ಹತ್ತಿ ತುರುಕುವುದು. ಮೂರನೆಯದು ಹಿಟ್ಟಿನ ಡಬ್ಬಕ್ಕೋ ಬೇಳೆ ಡಬ್ಬಕ್ಕೋ ಇಳಿಸುವುದು. ವಿಮಾನಕ್ಕೆ ಹೋಗುವಾಗ ಚೀಟಿ ಇರಲೇಬೇಕು ಅಂತ ನಾನು ಜಯಕ್ಕನಿಗೆ ಹೇಳಿದ್ದೆ. ಅವರ ಕೈಗೆ ಮಾತ್ರ ಅದು ಕೇಳಿಸಿರಲಿಲ್ಲ.

"ಇದೇನು?" ಅಂದ ಆತ ಇಂಗ್ಲಿಷಿನಲ್ಲಿ.

"ಬಿಪಿ," ಅಂದೆವು ನಾವಿಬ್ಬರೂ ಒಟ್ಟಿಗೆ.

ಜಯಕ್ಕ ಹೇಳಿದ್ದು ಇರಲಿ, ಎಂ.ಎಸ್.ಡಬ್ಲ್ಯೂ. ಮಾಡಿದ ನಾನೂ ಅದನ್ನೇ ಹೇಳಿದೆ! ಡಾಕ್ಟರು ಬರೆದುಕೊಟ್ಟ ಕಾಗದ ನನ್ನ ಹೆಗಲ ಚೀಲದಲ್ಲೇ ಇತ್ತು. ಅಭ್ಯಾಸ ಅಂದರೆ ಅದು. ಆತ ಡಬ್ಬಿ ನೋಡಿದ, ಹಿಟ್ಟು ನೋಡಿದ, ನಮ್ಮ ಮುಖ ನೋಡಿದ. ನಾನು ನಾಲಿಗೆ ಕಚ್ಚಿಕೊಂಡು ಕಾಗದ ಕೊಟ್ಟೆ. ಓದಿದ. ಮುಖದಲ್ಲಿ ಏನೂ ಬದಲಾಗಲಿಲ್ಲ. ಹತ್ತಿಯ ಕಡೆ ಬೆರಳು ತೋರಿಸಿ, "ಇದು ಯಾಕೆ?" ಅಂದ.

"ಸದ್ದಾಗಬಾರದು ಅಂತ."

"ಯಾರಿಗೆ ಕೇಳಬಾರದು?"

"ಬಸ್ಸಿನಲ್ಲಿ ಪಕ್ಕ ಕೂತವರಿಗೆ," ಅಂದೆ.

ಆತ ಡಬ್ಬಿಗಳಿಗೆ ಅಂಟಿದ ಹಿಟ್ಟನ್ನು ಕೊಡವಿ, ಎರಡೂ ಕೈಯಲ್ಲಿ ಹಿಡಿದು ಜಯಕ್ಕನಿಗೆ ಕೊಟ್ಟ. ಆಮೇಲೆ ಅವರ ದೇಶದ ರೀತಿಯಲ್ಲಿ ಕೈ ಮುಗಿದು ತಲೆ ಬಾಗಿಸಿದ. ಅಲ್ಲಿ ವಯಸ್ಸಾದವರಿಗೆ ಹಾಗೇ ಮಾಡುವುದು ಅಂತ ನನಗೆ ಆಮೇಲೆ ಗೊತ್ತಾಯಿತು.

"ಒಳ್ಳೇ ಉಡ್ಗ," ಅಂದರು ಜಯಕ್ಕ ಆಚೆ ಬಂದು. "ಸಣಕ್ಲಾಗವ್ನೆ ಪಾಪ. ಒಂದ್ ಮುದ್ದೆ ಇಕ್ಬೋದಿತ್ತು."

ಚಿಯಾಂಗ್ ಮಾಯ್

ಈ ಊರಿಗೆ ಬೆಂಗಳೂರಿನ ಅವಸರ ಇಲ್ಲ. ಹಳೇ ಊರಿನ ಸುತ್ತ ಚೌಕನೆಯ ಕಂದಕ, ಅದರಲ್ಲಿ ನೀರು, ನೀರಿಗೆ ಬಾಗಿದ ಮರ. ಬಾಡಿಗೆ ಗಾಡಿಗಳೆಲ್ಲ ಕೆಂಪು ಬಣ್ಣದವು, ಹಿಂದುಗಡೆ ಎರಡು ಬೆಂಚು, ಎದುರುಬದುರು ಕೂರಬೇಕು. ನಮ್ಮ ಹೆಸರಘಟ್ಟ ರೋಡಿನ ಹಳೇ ಟೆಂಪೋಗಳ ಹಾಗೇ, ಆದರೆ ಯಾರೂ ಹಾರನ್ ಒತ್ತುವುದಿಲ್ಲ. ಜಯಕ್ಕನಿಗೆ ಇದೇ ದೊಡ್ಡ ಅನುಮಾನ. "ಇಲ್ಲಿ ಯಾರೋ ದೊಡ್ಡೋರು ಸತ್ತವ್ರಾ? ಎಲ್ಲಾ ಇಂಗ್ ಸುಮ್ಕೌರೆ?"

ನಮ್ಮನ್ನು ನೋಡಿಕೊಳ್ಳಲು ಇಬ್ಬರು ಬಂದಿದ್ದರು. ಒಬ್ಬರು ವಿಶ್ವವಿದ್ಯಾಲಯದ ಸಂಶೋಧಕಿ. ಅಲ್ಲಿ ಕಲಿಸುವವರನ್ನು ‘ಆಚಾನ್’ ಅನ್ನುತ್ತಾರೆ, ನಮ್ಮ ಆಚಾರ್ಯನೇ ಅಲ್ಲಿಗೆ ಹೋಗಿ ಮೆತ್ತಗಾಗಿದ್ದಾನೆ. ಇನ್ನೊಬ್ಬರು ಊರಾಚೆಯ ಚಿಕ್ಕ ಆಸ್ಪತ್ರೆಯೊಂದರಲ್ಲಿ ಎಚ್‌ಐವಿ ಇರುವವರ ಗುಂಪು ನಡೆಸುವ ಹೆಂಗಸು, ಜಯಕ್ಕನದೇ ವಯಸ್ಸು. ಹೆಸರು ಬುವಾ. ಹಾಗಂದರೆ ತಾವರೆ ಅಂತೆ.

"ಕಮಲಮ್ಮ ಅನ್ನು ಮತ್ತೆ," ಅಂದರು ಜಯಕ್ಕ. ಅಲ್ಲಿಂದ ಮುಂದೆ ಅವರು ಕಮಲಮ್ಮನೇ. ಕರೆದರೆ ತಿರುಗಿ ನೋಡುತ್ತಲೂ ಇದ್ದರು.

ಅಲ್ಲಿ ಯಾರೂ ಯಾರನ್ನೂ ಬರೀ ಹೆಸರು ಹಿಡಿದು ಕರೆಯುವುದಿಲ್ಲ. ದೊಡ್ಡವರಾದರೆ ಅಕ್ಕ, ಚಿಕ್ಕವರಾದರೆ ತಂಗಿ. ನಮ್ಮ ಸಂಘದ ಹಾಗೇ. ಊಟದಲ್ಲಿ ಮಾತ್ರ ಕಷ್ಟವಾಯಿತು. ಸೊಪ್ಪಿಗೂ ಮೀನಿನ ರಸ, ಕಾಳಿಗೂ ಮೀನಿನ ರಸ. ನಾನು ಮೂಗು ಹಿಡಿದರೆ ಜಯಕ್ಕನದು ಬೇರೆ ಗೋಳು. ಮೀನು ಅವರಿಗೆ ಇಷ್ಟ, ಆದರೆ ಅಗಿಯಲಾರರು. ಕಮಲಮ್ಮ ಸುಟ್ಟ ಜೋಳದ ತೆನೆಯೊಂದನ್ನು ಕರಕರ ಕಡಿಯುತ್ತಾ, ಇನ್ನೊಂದನ್ನು ಜಯಕ್ಕನ ಕೈಗಿಟ್ಟರು. ಜಯಕ್ಕ ಅದನ್ನು ಹಿಡಿದುಕೊಂಡೇ ಕೂತು, ಕಡೆಗೆ ನನಗೆ ಕೊಟ್ಟರು.

"ಏನ್ ಹಲ್ಲಪ್ಪ ಇವಳ್ದು! ಮುತ್ತಿದ್ದಂಗವೆ. ಪುಣ್ಯ ಮಾಡವ್ಳೆ."

ಆ ಮಾತು ಎತ್ತಿದ್ದು ಅವರು, ನಾನಲ್ಲ. ನಾನು ಜೋಳ ತಿಂದೆ.

ಆಸ್ಪತ್ರೆಯ ಹಿಂದಿನ ಹಜಾರ

ಸಭೆಗೆ ಮೊದಲು ನಮ್ಮನ್ನು ಕಮಲಮ್ಮನ ಗುಂಪು ನೋಡಲು ಕರೆದುಕೊಂಡು ಹೋದರು. ಭತ್ತದ ಗದ್ದೆಗಳ ನಡುವೆ ಒಂದು ಪುಟ್ಟ ಊರಿನ ಆಸ್ಪತ್ರೆ. ಹಿಂದುಗಡೆ ಶೀಟಿನ ಹಜಾರ. ತಿಂಗಳಿಗೊಮ್ಮೆ ಎಲ್ಲರೂ ಅಲ್ಲಿ ಸೇರುತ್ತಾರೆ. ಡಾಕ್ಟರಿಗಿಂತ ಮೊದಲೇ ಗುಂಪಿನವರೇ ಒಬ್ಬರ ಬಿಪಿ ಒಬ್ಬರು ನೋಡಿ, ತೂಕ ನೋಡಿ, ಯಾರು ಬಂದಿಲ್ಲವೋ ಅವರ ಮನೆಗೆ ಫೋನು ಮಾಡುತ್ತಾರೆ. ಆಚಾನ್ ನಡೆಸುವ ಸಂಶೋಧನೆಗೂ ಅಳತೆ ತಗೊಳ್ಳುವುದು ಅವರೇ. ಕುರ್ಚಿಯಿಂದ ಕೈ ಊರದೆ ಎಷ್ಟು ಸಲ ಏಳಬಹುದು, ಸ್ವಲ್ಪ ದೂರ ಎಷ್ಟು ಬೇಗ ನಡೆಯಬಹುದು, ಮುಷ್ಟಿಯ ಹಿಡಿತ ಎಷ್ಟು. ಮುಪ್ಪು ಯಾರನ್ನು ಬೇಗ ಹಿಡಿಯುತ್ತಿದೆ ಅಂತ ಇದರಲ್ಲೇ ಗೊತ್ತಾಗುತ್ತದಂತೆ.

ಹಿಡಿತ ಅಳೆಯುವ ಯಂತ್ರವನ್ನು ಜಯಕ್ಕನ ಕೈಗೂ ಕೊಟ್ಟರು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂಡಿದರು. ನೋಡುತ್ತಿದ್ದ ಹೆಂಗಸು ಕಣ್ಣರಳಿಸಿ ಏನೋ ಕೂಗಿದಳು. ಹಜಾರದವರೆಲ್ಲ ತಿರುಗಿದರು. ಅಲ್ಲಿದ್ದ ಗಂಡಸರಿಗಿಂತಲೂ ಮುಳ್ಳು ಮುಂದೆ ಹೋಗಿತ್ತು.

"ಆಲ್ ಕರ್ದಿರೋ ಕೈ ಕಣೇ ಇದು," ಅಂದರು ಜಯಕ್ಕ. ಹಾಲು ಅವರಿಗೆ ‘ಆಲು’. ನಾನು ಇಂಗ್ಲಿಷಿಗೆ ಹಾಕಿದೆ, ಆಚಾನ್ ಥಾಯಿಗೆ ಹಾಕಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಲು ಕರೆದಿದ್ದಕ್ಕೆ ಚಪ್ಪಾಳೆ ಬೀಳುವುದನ್ನು ಜಯಕ್ಕ ಜನ್ಮದಲ್ಲಿ ಕೇಳಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಪ್ರತಿಯೊಬ್ಬರೂ ಒಂದೊಂದು ಅಡುಗೆ ತರುವುದು ಆ ಗುಂಪಿನ ಪದ್ಧತಿ. ಜಯಕ್ಕ ಬಿಟ್ಟಾರೆಯೇ? ಬ್ಯಾಂಕಾಕಿನ ಅಧಿಕಾರಿ ಕೈ ಅದ್ದಿದ ಅದೇ ರಾಗಿಹಿಟ್ಟು ಹೊರಬಂತು. ಮುದ್ದೆ ಕೋಲು ಇಲ್ಲ. ಅಲ್ಲಿಯವರು ಪರಂಗಿಕಾಯಿ ಕುಟ್ಟಿ ಖಾರವಾಗಿ ಏನೋ ಮಾಡುತ್ತಾರೆ, ಅದರ ಮರದ ಒನಕೆ ಇತ್ತು. ಅದನ್ನೇ ತೊಳೆದು, ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿದು ಜಯಕ್ಕ ತಿರುವಿದ್ದನ್ನು ಅರ್ಧ ಗುಂಪು ಮೊಬೈಲಿನಲ್ಲಿ ಹಿಡಿಯಿತು. ಯಾವುದೋ ಸೊಪ್ಪು, ಯಾವುದೋ ಕಾಳು ಹಾಕಿ ಸಾರೂ ಆಯಿತು. ಕಮಲಮ್ಮ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದು ಕೂತರು.

"ಮುರಿ, ಸಾರಲ್ಲದ್ದು, ನುಂಗು. ಅಗೀಬಾರ್ದು," ಅಂತ ಜಯಕ್ಕ ಮಾಡಿ ತೋರಿಸಿದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಚಾನ್ ಥಾಯಿಯಲ್ಲಿ ಹೇಳಲು ಬಾಯಿ ತೆರೆಯುವ ಹೊತ್ತಿಗೆ ಕಮಲಮ್ಮ ಇಷ್ಟು ದೊಡ್ಡ ತುತ್ತು ಬಾಯಿಗಿಟ್ಟು ಜೋರಾಗಿ ಅಗಿಯುತ್ತಿದ್ದರು. ಎರಡು ಸಲ ದವಡೆ ಆಡಿತು. ಮೂರನೇ ಸಲ ಆಡಲಿಲ್ಲ. ಕಮಲಮ್ಮನ ಕಣ್ಣು ಅಗಲವಾಯಿತು. ಏನೋ ಹೇಳಲು ನೋಡಿದರು, ಉಂ ಉಂ ಅಂತ ಬಂತು. ಆಮೇಲೆ ಬಾಯೊಳಗೆ ಎರಡು ಬೆರಳು ಹಾಕಿ ಎಳೆದರು. ಮುದ್ದೆ ಹೊರಗೆ ಬಂತು, ಮುದ್ದೆಯ ಮೇಲೆ ಮುತ್ತಿನ ಹಾಗಿದ್ದ ಮೇಲಿನ ಹಲ್ಲಿನ ಸಾಲು ಪೂರ್ತಿ ನೆಟ್ಟಿತ್ತು.

"ಅಯ್ಯಯ್ಯೋ!" ಜಯಕ್ಕ ತಟ್ಟೆ ಬಿಟ್ಟು ಎದ್ದರು. "ಹಲ್ಲೇ ಕಿತ್ಕಂಡ್ ಬಂತಲ್ಲೇ ರೇಣೂ! ನಾನೇನ್ ಮಾಡ್ಬುಟ್ಟೆ! ರಕ್ತ ಏನಾರ ಬತ್ತಾ ಐತಾ ನೋಡೇ!"

ಮೊದಲು ನಕ್ಕಿದ್ದು ಕಮಲಮ್ಮನೇ. ಮೇಲಿನ ಹಲ್ಲಿಲ್ಲದ ಬಾಯಿ ಬಿಟ್ಟು, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಹಜಾರವೇ ನಕ್ಕಿತು. ಅವರು ನಲ್ಲಿಯ ಹತ್ತಿರ ಹೋಗಿ, ರಾಗಿಯನ್ನೆಲ್ಲ ಬ್ರಷ್ಷಿನಲ್ಲಿ ಉಜ್ಜಿ ತೆಗೆದು, ಸೆಟ್ಟನ್ನು ಬಾಯಿಗೆ ಹಾಕಿ ಟಕ್ ಅನಿಸಿ ವಾಪಸ್ ಬಂದು ಕೂತರು. ಮತ್ತೆ ಮುತ್ತು.

ಜಯಕ್ಕ ನನ್ನ ಕಡೆ ನೋಡಿದರು. ನಾನು ಶೀಟಿನ ಕಡೆ ನೋಡುತ್ತಿದ್ದೆ. ಕೊಟ್ಟ ಮಾತು ಮಾತೇ.

ಆಗ ಅವರು ನನ್ನನ್ನು ಬಿಟ್ಟು ನೇರವಾಗಿ ಕಮಲಮ್ಮನಿಗೇ ಕೈಸನ್ನೆ ಮಾಡಿದರು. ತಮ್ಮ ಬಾಯಿ ಮುಟ್ಟಿಕೊಂಡು, ಗದ್ದ ಮೇಲೆತ್ತಿ, ಹೇಗೆ ಅಂತ. ಆಮೇಲೆ ಕುರ್ಚಿಯಲ್ಲಿ ಕೂತವರನ್ನು ತೋಳು ಹಿಡಿದು ಎಬ್ಬಿಸುವ ಹಾಗೆ ಮಾಡಿ, ನಿನ್ನನ್ನು ಹೀಗೆ ಮಾಡಲಿಲ್ಲವಾ ಅಂತ. ಇದಕ್ಕೆ ಯಾವ ಭಾಷೆಯೂ ಬೇಕಾಗಲಿಲ್ಲ. ಕಮಲಮ್ಮನ ನಗು ನಿಂತಿತು. ಉದ್ದಕ್ಕೆ ಹೇಳಿದರು. ಆಚಾನ್ ನನಗೆ ಹೇಳಿದರು, ನಾನು ಜಯಕ್ಕನಿಗೆ ಹೇಳಿದೆ.

"ನನಗೂ ಡಾಕ್ಟರು ಸ್ವಲ್ಪ ದಿನ ಅಂದಿದ್ದರು. ಸಾಯುವುದಕ್ಕೆ ಎಲ್ಲ ತಯಾರಿ ಮಾಡಿಕೊಂಡೆ. ಮಗ್ಗ ಮಾರಿದೆ, ಪಾತ್ರೆಯನ್ನೆಲ್ಲ ಪಕ್ಕದ ಮನೆಯವಳಿಗೆ ಕೊಟ್ಟೆ. ಸಾವಿಗೆ ಪುರುಸೊತ್ತಿರಲಿಲ್ಲ, ಬರಲೇ ಇಲ್ಲ. ಆಮೇಲೆ ಅವಳ ಮನೆಗೆ ಹೋಗಿ, ನನ್ನ ಬಾಣಲೆ ವಾಪಸ್ ಕೊಡು ಅಂತ ಕೇಳಬೇಕಾಯಿತು. ಕೊಡಲಿಲ್ಲ ಅವಳು! ಹಲ್ಲು ಎಲ್ಲಕ್ಕಿಂತ ಕೊನೆಗೆ. ನಮ್ಮಲ್ಲೂ ಒಬ್ಬಳನ್ನ ಕುರ್ಚಿಯಿಂದ ಎಬ್ಬಿಸಿದ್ದರು. ಅದಕ್ಕೇ ಆಮೇಲಿಂದ ಒಬ್ಬೊಬ್ಬರೇ ಹೋಗಲಿಲ್ಲ. ಒಬ್ಬಳು ಒಳಗೆ, ಐದು ಜನ ಬಾಗಿಲಲ್ಲಿ. ಒಬ್ಬಳನ್ನ ಎಬ್ಬಿಸಬಹುದು. ಬಾಗಿಲಲ್ಲಿ ನಿಂತ ಐದು ಮುದುಕಿಯರನ್ನ ಕದಲಿಸಿ ನೋಡಲಿ."

ಜಯಕ್ಕ ಉಳಿದ ಮುದ್ದೆಯನ್ನು ಚಿಕ್ಕ ಚಿಕ್ಕದಾಗಿ ಮುರಿದು, ಸಾರಿನಲ್ಲಿ ಅದ್ದಿ, ಕಮಲಮ್ಮನ ತಟ್ಟೆಗೆ ಹಾಕಿದರು. "ನುಂಗು," ಅಂದರು. ಕಮಲಮ್ಮ ಈ ಸಲ ನುಂಗಿದರು.

ಅರಳಿ ಮರದ ಕೆಳಗೆ

ಸಂಜೆ ಆಸ್ಪತ್ರೆ ಪಕ್ಕದ ಬುದ್ಧನ ಗುಡಿಗೆ ಹೋದೆವು. ಅಂಗಳದಲ್ಲಿ ಭಾರೀ ಅರಳಿ ಮರ. ಅದರ ಸುತ್ತ ಕವೆಗೋಲುಗಳು, ಚಪ್ಪರಕ್ಕೆ ಕೊಡುತ್ತೇವಲ್ಲ, ತುದಿಯಲ್ಲಿ ಕವಲಿರುವ ಕೋಲು, ಅಂಥವು. ಬಣ್ಣ ಬಳಿದು, ಹೆಸರು ಬರೆದು, ಕೊಂಬೆಗಳಿಗೆ ಆನಿಸಿ ನಿಲ್ಲಿಸಿದ್ದಾರೆ. ಒಂದಲ್ಲ ಎರಡಲ್ಲ, ಮರಕ್ಕೆ ಲೆಕ್ಕವಿಲ್ಲದಷ್ಟು ಕಾಲು ಬಂದ ಹಾಗಿತ್ತು.

"ಮರ ಬೀಳ್ತದಾ?" ಅಂದರು ಜಯಕ್ಕ.

ಬೀಳುವುದಿಲ್ಲ. ಅದು ಆ ಸೀಮೆಯ ನಂಬಿಕೆ. ಕಾಯಿಲೆ ಬಿದ್ದಾಗ, ವಯಸ್ಸಾದಾಗ ಮನೆಯವರು ಅರಳಿ ಮರಕ್ಕೊಂದು ಊರುಗೋಲು ಕೊಡುತ್ತಾರೆ. ಮರಕ್ಕೆ ಆಸರೆ ಕೊಟ್ಟರೆ ಆಯುಸ್ಸಿಗೆ ಆಸರೆ ಸಿಗುತ್ತದಂತೆ. ನಮ್ಮಲ್ಲಿ ಅರಳಿಕಟ್ಟೆ ಸುತ್ತಿ ಮರವನ್ನೇ ಬೇಡಿಕೊಳ್ಳುತ್ತೇವೆ. ಇಲ್ಲಿ ಬೇಡುವ ಮೊದಲು ಅದರ ಭಾರ ಹೊರುತ್ತಾರೆ. ಮೂಟೆ ಹೊತ್ತವನ ಮಗಳಿಗೆ ಈ ಲೆ‍ಕ್ಕ ತುಂಬ ಹಿಡಿಸಿತು.

ಕಮಲಮ್ಮ ಒಂದು ಕೊಂಬೆಯ ಕೆಳಗೆ ನಿಂತರು. ಪರೀಕ್ಷೆಯಾದ ವರ್ಷ ಅವರ ತಾಯಿ ಅಲ್ಲಿ ಒಂದು ಕೋಲು ಕೊಟ್ಟಿದ್ದರಂತೆ. ಈಗಿರುವುದು ಅದಲ್ಲ.

"ಆ ಕೋಲಿಗೆ ಗೆದ್ದಲು ಹತ್ತಿತು," ಅಂದರು. "ನನಗೆ ಹತ್ತಲಿಲ್ಲ. ಇದು ಮೂರನೆಯ ಕೋಲು."

ಜಯಕ್ಕ ಆ ಕೋಲನ್ನು ಹಿಡಿದು ಅಲ್ಲಾಡಿಸಿ ನೋಡಿದರು, ಹಸು ಕಟ್ಟುವ ಗೂಟವನ್ನು ನೋಡುವ ಹಾಗೆ. ಗಟ್ಟಿ ಇತ್ತು. ಅಲ್ಲಿನ ಭಿಕ್ಷು ಒಬ್ಬರು ನಮ್ಮಿಬ್ಬರ ಮಣಿಕಟ್ಟಿಗೆ ಬಿಳೀ ನೂಲು ಕಟ್ಟಿದರು. ಜಯಕ್ಕ ಇನ್ನಷ್ಟು ನೂಲು ಇಸ್ಕೊಂಡು ಗಂಟಿಗೆ ಹಾಕಿಕೊಂಡರು. ಊರಲ್ಲಿ ಕಾಶಿ ದಾರ ಎಲ್ಲಿ ಅಂತ ಕೇಳುವವರಿದ್ದರಲ್ಲ.

ಸಭೆ

ದೊಡ್ಡ ಸಭಾಂಗಣ, ತಣ್ಣನೆ ಗಾಳಿ, ಮೈಕು. ಸಂಶೋಧನೆ ಮಾಡುವವರು ಒಂದು ಕಡೆ, ನಾವು ಒಂದು ಕಡೆ ಇರುತ್ತೇವೆ ಅಂದುಕೊಂಡಿದ್ದೆ, ಹಾಗಿರಲಿಲ್ಲ. ಎಲ್ಲರನ್ನೂ ಕಲೆಸಿ ಕೂರಿಸಿದ್ದರು. ಮಧ್ಯಾಹ್ನದ ಮೇಲೆ ಆಚಾನ್ ಮೈಕು ಹಿಡಿದು ಎಲ್ಲ ದೇಶದವರಿಗೂ ಒಂದೇ ಪ್ರಶ್ನೆ ಕೇಳಿದರು: ಇನ್ನು ಐದು ವರ್ಷಕ್ಕೆ ನೀವು ಹೇಗಿರುತ್ತೀರಿ?

ಎರಡು ವರ್ಷ ಅನ್ನುವ ಹೆಂಗಸಿಗೆ ಐದು ವರ್ಷ ಕೇಳಿದರೆ ಏನು ಬರುತ್ತದೆ ಅಂತ ನನಗೆ ಗೊತ್ತಿತ್ತು. ಒಬ್ಬರು ಮೊಮ್ಮಗಳ ಮದುವೆ ಮಾಡಿಸುತ್ತೇನೆ ಅಂದರು. ಇನ್ನೊಬ್ಬರು ಸ್ವಂತ ನೂಡಲ್ಸ್ ಗಾಡಿ ಅಂದರು. ಮೈಕು ನಮ್ಮ ಹತ್ತಿರ ಬಂತು. ನಾನು ಜಯಕ್ಕನ ಕಿವಿಯಲ್ಲಿ ಪ್ರಶ್ನೆ ಹೇಳಿದೆ.

ಅವರು ಸೆರಗು ಬಾಯಿಗೆ ತಂದರು. ಎದುರು ಸಾಲಿನಲ್ಲಿ ಕೂತಿದ್ದ ಕಮಲಮ್ಮ ತುಟಿ ಎತ್ತಿ ಎರಡೂ ಸಾಲು ತೋರಿಸಿದರು. ಜಯಕ್ಕನ ಕೈ ಅಲ್ಲೇ ನಿಂತಿತು. ಸೆರಗು ಕೆಳಗಿಳಿಯಿತು.

"ಆವಾಗ್ಲಾ?" ಅಂದರು ಮೈಕಿನಲ್ಲಿ. "ಆವಾಗ ನನ್ ಬಾಯ್ತುಂಬ ಹಲ್ಲಿರ್ತವೆ."

ನಾನು ಸುಮ್ಮನೆ ಕೂತೆ. ಸಭೆ ಕಾಯುತ್ತಿತ್ತು.

"ಯಾಕೆ, ಇಂಗ್ಲೀಸು ಮರ್ತೋಯ್ತಾ? ಯೋಳೇ."

"ಅಕ್ಕ, ಆ ಮಾತು ಎತ್ತಬಾರದು ಅಂದಿದ್ರಿ."

"ನೀನ್ ಎತ್ಬಾರ್ದು ಅಂದಿದ್ದು. ಎತ್ತಿರೋಳು ನಾನು. ಯೋಳು ಮೊದ್ಲು, ಎಲ್ರೂ ಕಾಯ್ತಾ ಅವ್ರೆ!"

ಹೇಳಿದೆ. ಯಾರ್ಡಿನ ಗದ್ದಲದಲ್ಲಿ ಓದಿ ಕಲಿತ ಇಂಗ್ಲಿಷು ಅದು, ಮೈಕು ಬೇಕೇ ಇರಲಿಲ್ಲ. ಆಚಾನ್ ಅದನ್ನು ಥಾಯಿಗೆ ಹಾಕಿದರು. ಕಮಲಮ್ಮ ಅಲ್ಲೇ ಎದ್ದು ನಿಂತು, ಬಾಯಿಂದ ಸೆಟ್ಟು ತೆಗೆದು ಮೇಲಕ್ಕೆ ಹಿಡಿದು ಆಡಿಸಿದರು. ಗೌರವ ಸಲ್ಲಿಸಲು ಇದಕ್ಕಿಂತ ಒಳ್ಳೆಯ ರೀತಿಯನ್ನು ನಾನು ಇನ್ನೂ ನೋಡಿಲ್ಲ.

ಮತ್ತೆ ನಮ್ಮೂರು

ರಾಜಾನುಕುಂಟೆಯಲ್ಲಿ ಬಿಳೀ ನೂಲು ಕಾಶಿ ದಾರವಾಗಿ ಹಂಚಿಹೋಯಿತು. ಕಾಶಿಯಲ್ಲಿ ಏನು ಕಂಡೆ ಅಂತ ಕೇಳಿದವರಿಗೆ ಜಯಕ್ಕ, "ಒಂದ್ ದೊಡ್ ಅರಳೀಮರ," ಅಂದರಂತೆ. ಸುಳ್ಳೇನಲ್ಲ.

ಮುಂದಿನ ವಾರವೇ ದಂತ ಆಸ್ಪತ್ರೆಗೆ ಹೋದೆವು. ಜಯಕ್ಕ ಕುರ್ಚಿಯಲ್ಲಿ, ನಾನು ಪಕ್ಕದಲ್ಲಿ, ಸಂಘದ ಐದು ಅಕ್ಕಂದಿರು ಬಾಗಿಲಲ್ಲಿ. ಡಾಕ್ಟರಮ್ಮ ಬಾಗಿಲ ಕಡೆ ನೋಡಿ, "ಇವರೆಲ್ಲ ಯಾರು?" ಅಂದರು.

"ಊರ್ಗೋಲು," ಅಂದರು ಜಯಕ್ಕ. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. "ಬಾಯಿ ತೆರೀರಿ ಅಮ್ಮ," ಅಂದರು. ಜಯಕ್ಕ ಒಂದು ಗಳಿಗೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಆ ಹಾಲು ಕರೆದ ಕೈಯಲ್ಲಿ ಕುರ್ಚಿ ಕಿರ್ ಅಂದಿತು. ಆಮೇಲೆ ಬಾಯಿ ತೆರೆದರು. ಯಾರೂ ಎಬ್ಬಿಸಲಿಲ್ಲ.

ಅಚ್ಚು ತಗೊಂಡಿದ್ದು, ಮೇಣದಲ್ಲಿ ಕೂರಿಸಿ ನೋಡಿದ್ದು ಅಂತ ಮತ್ತೆ ಮತ್ತೆ ಓಡಾಟವಾಯಿತು. ಬಾಗಿಲಲ್ಲಿ ಐದು ಜನ ಪ್ರತಿ ಸಲವೂ ಇದ್ದರು. ಡಾಕ್ಟರಮ್ಮ ಊರು ಬಿಡುವ ಮುಂಚೆ ಸೆಟ್ಟು ಕೈಗೆ ಬಂತು. ಹಾಕಿಕೊಂಡು ಕನ್ನಡಿ ನೋಡಿದ ಜಯಕ್ಕ, ಮೊದಲು ತಮ್ಮನ್ನು ತಾವೇ ಗುರುತು ಹಿಡಿಯದವರ ಹಾಗೆ ನೋಡಿ, ಆಮೇಲೆ ಮೆಲ್ಲಗೆ ನಕ್ಕರು. ಕೈ ಸೆರಗಿಗೆ ಹೋಯಿತು, ಅರ್ಧದಲ್ಲಿ ನಿಂತಿತು.

ಡಾಕ್ಟರಮ್ಮ ಹೇಗೆ ತೊಳೆಯಬೇಕು, ಹೇಗೆ ನೀರಿನಲ್ಲಿ ಹಾಕಿಡಬೇಕು ಅಂತ ಹೇಳಿಕೊಟ್ಟರು. "ಮೊದಮೊದಲು ಗಟ್ಟಿ ಪದಾರ್ಥ ಬೇಡ. ಮೆತ್ತಗಿರೋದು ತಿನ್ನಿ. ಅನ್ನ, ಮುದ್ದೆ..."

"ಮುದ್ದೆ ಬ್ಯಾಡ!" ಅಂದೆವು ನಾವಿಬ್ಬರೂ ಒಟ್ಟಿಗೆ.

ಅವರು ಗಾಬರಿಯಾಗಿ ನಮ್ಮ ಮುಖ ನೋಡಿ, ಕಡೆಗೆ ನಕ್ಕು, "ಸರಿ ಹಾಗಾದ್ರೆ. ಜೋಪಾನ ಮಾಡಿದ್ರೆ ಇದು ಐದಾರು ವರ್ಷ ಬರುತ್ತೆ ಅಮ್ಮ," ಅಂದರು.

ಜಯಕ್ಕನ ನಗು ಹೋಯಿತು. ಹುಬ್ಬು ಗಂಟಾಯಿತು.

"ಐದೇನಾ?" ಅಂದರು, ಹೊಸ ಹಲ್ಲಿನಲ್ಲಿ ಮಾತು ಇನ್ನೂ ತೊದಲುತ್ತಿತ್ತು. "ಆಮ್ಯಾಕ್ ನಾನೇನ್ ಮಾಡ್ಲವ್ವ? ನೀನ್ ನೋಡುದ್ರೆ ಬ್ಯಾರೆ ಊರ್ಗೋಯ್ತಾ ಇದೀಯ."

"ಎಲ್ಲಿದ್ರೂ ಫೋನ್ ಮಾಡಿ ಅಮ್ಮ. ಇನ್ನೊಂದು ಕಟ್ಟಿಕೊಡ್ತೀನಿ."

ಜಯಕ್ಕ ನನ್ನ ಕಡೆ ತಿರುಗಿದರು.

"ಏಯ್ ರೇಣು, ನೋಡ್ತಾ ನಿಂತ್ಕಬ್ಯಾಡ. ನಂಬರ್ ಇಸ್ಕೊ."